ರಾಜೀನಾಮೆಗಿಂತ ಮೊದಲು ಒಂದು ರಕ್ತಪರೀಕ್ಷೆ

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಬದಿಯಡ್ಕದ ಹತ್ತಿರ ಮನೆ. ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಯ ಸೀರೆ ಸೆಕ್ಷನ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ಸಂಬಳ 14,000 ರೂಪಾಯಿ. ಒಂದೂವರೆ ವರ್ಷದಿಂದ ಮುಟ್ಟು ಸರಿ ಇಲ್ಲ. ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ಹತ್ತು ಹನ್ನೆರಡು ದಿನ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ದಿನಕ್ಕೆ ಏಳೆಂಟು ಸಲ ಎದೆಯಿಂದ ಸೆಕೆ ಏರಿ ಮುಖ ಕೆಂಪಾಗಿ ಬ್ಲೌಸ್ ಒದ್ದೆಯಾಗುತ್ತದೆ. ಗಿರಾಕಿಗಳು "ಜ್ವರ ಉಂಟಾ?" ಅಂತ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಮೂರು ತಿಂಗಳಿಂದ ಹೀಗೇ. ಕಳೆದ ತಿಂಗಳು ಮದುವೆ ಸೀರೆಯ ಬೆಲೆ ತಪ್ಪು ಹೇಳಿ ಎಲ್ಲರ ಎದುರು ಬೈಸಿಕೊಂಡೆ. ಬಸ್ಸಿನಲ್ಲಿ ಕೂತರೆ ಸುಮ್ನೆ ಅಳು ಬರುತ್ತದೆ. ನಾದಿನಿ "ಗರ್ಭಕೋಶ ತೆಗೆಸಿಬಿಡಿ ಅತ್ತಿಗೆ, ಎಲ್ಲ ಒಟ್ಟಿಗೆ ಮುಗಿಯುತ್ತದೆ" ಎನ್ನುತ್ತಾಳೆ. ಹಾರ್ಮೋನ್ ಮಾತ್ರೆ ತಿಂದರೆ ಕ್ಯಾನ್ಸರ್ ಬರುತ್ತದಂತೆ. ಮಗಳ ಓದು ಇನ್ನೂ ಎರಡು ವರ್ಷ ಇದೆ. ಆದರೂ ಸಾಕಾಗಿದೆ. ಕೆಲಸ ಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸೆಕೆ, ಬೆವರು, ಮರೆವು ಕಣ್ಣಿಗೆ ಬಿತ್ತು. ಎರಡನೇ ಸಲ "ಹತ್ತು ಹನ್ನೆರಡು ದಿನ, ಗಡ್ಡೆ ಗಡ್ಡೆಯಾಗಿ" ಎಂಬಲ್ಲಿ ನಿಂತೆ. ಅದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ.

ಕೆಲಸ ಬಿಡಲಾ, ಗರ್ಭಕೋಶ ತೆಗೆಸಲಾ ಎಂಬ ಎರಡಕ್ಕೂ ಸದ್ಯಕ್ಕೆ ನನ್ನದು ಒಂದೇ ಉತ್ತರ: ಈಗ ಬೇಡ. ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡದವರು, ಮೈಯಲ್ಲಿ ರಕ್ತ ಎಷ್ಟು ಉಳಿದಿದೆ ಅಂತ ಗೊತ್ತಿಲ್ಲದವರು ಇಷ್ಟು ದೊಡ್ಡ ತೀರ್ಮಾನ ಮಾಡಬಾರದು. ಮೊದಲು ರಕ್ತದ ವಿಷಯ ನೋಡೋಣ. ಆಮೇಲೆ ಸೆಕೆ ಮತ್ತು ನಿದ್ದೆ. ಅಂಗಡಿಯ ಮಾತು ಅದಾದ ಮೇಲೆ.

"ಮುಟ್ಟು ನಿಲ್ಲುವ ಹೊತ್ತಿಗೆ ಹಾಗೆಲ್ಲ ಹೋಗುತ್ತದೆ, ಎಲ್ಲರಿಗೂ ಇದ್ದದ್ದೇ" ಅಂತ ನಿಮಗೆ ಯಾರೋ ಹೇಳಿರುತ್ತಾರೆ. ಅರ್ಧ ನಿಜ. ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆಗುವುದಿಲ್ಲ. ಮೊಟ್ಟೆ ಬಿಡದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ತಯಾರಾಗುವುದಿಲ್ಲ. ಅದಿಲ್ಲದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಎರಡು ತಿಂಗಳು ಬರದೆ ಇದ್ದು, ಒಮ್ಮೆಲೇ ಕಟ್ಟೆ ಒಡೆದ ಹಾಗೆ ಹೋಗುವುದು ಇದರಿಂದ. ಇಷ್ಟು ಸಹಜ. ಆದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆಯಿದ್ದರೂ ಹೀಗೇ ಹೋಗುತ್ತದೆ. ಥೈರಾಯ್ಡ್ ಏರುಪೇರಾದರೂ ಹೋಗುತ್ತದೆ. ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಶುರುವಾಗುವಾಗಲೂ ಹೀಗೇ. ಹೊರಗಿಂದ ನೋಡಿ ಯಾವುದು ಅಂತ ನಾನೂ ಹೇಳಲಾರೆ, ನಿಮ್ಮ ನಾದಿನಿಯೂ ಹೇಳಲಾರಳು. ಅದಕ್ಕೇ 45 ದಾಟಿದ ಮೇಲೆ ಇಂಥ ಬ್ಲೀಡಿಂಗ್ ಆದರೆ ಸ್ಕ್ಯಾನ್ ಮಾಡಿಸಬೇಕು, ಒಳಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಚೂರು ತೆಗೆಯುವುದು ಅಂದ ಕೂಡಲೇ ಗಾಬರಿ ಬೇಡ. ಸಪೂರದ ಒಂದು ಕೊಳವೆ ಹಾಕಿ ತೆಗೆಯುತ್ತಾರೆ. ಹೆಚ್ಚಿನವರಿಗೆ ಅಡ್ಮಿಟ್ ಆಗದೆ, ಒಪಿಯಲ್ಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಮುಟ್ಟಿನ ಹೊಟ್ಟೆನೋವಿನಂಥ ನೋವು ಇರುತ್ತದೆ.

ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಬಿಪಿ. ಇಷ್ಟು ಸಾಕು. "ಹಾರ್ಮೋನ್ ಟೆಸ್ಟ್" ಅಂತ ಎಫ್‌ಎಸ್‌ಎಚ್‌ಗೆ ದುಡ್ಡು ಸುರಿಯಬೇಡಿ. ಈ ವಯಸ್ಸಿನಲ್ಲಿ ಅದು ಇವತ್ತು ಒಂದು, ಮುಂದಿನ ವಾರ ಇನ್ನೊಂದು ತೋರಿಸುತ್ತದೆ. 45 ದಾಟಿದವರಲ್ಲಿ ಮುಟ್ಟಿನ ಲೆಕ್ಕ ಮತ್ತು ಸೆಕೆ ನೋಡಿಯೇ ನಾವು ತಿಳಿದುಕೊಳ್ಳುತ್ತೇವೆ.

ಹಿಮೋಗ್ಲೋಬಿನ್ ಯಾಕೆ ಮೊದಲು ಅಂದರೆ, ಹೆಂಗಸರಿಗೆ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ನಿಮ್ಮ ಹಾಗೆ ಒಂದೂವರೆ ವರ್ಷ ಕಳೆದುಕೊಂಡವರಲ್ಲಿ 8, 7 ಅಂತ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಏಳರಲ್ಲಿ ಇರುವವರು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ, ತಲೆ ಮಂಕಾಗುತ್ತದೆ, ಹೇಳಿದ ಬೆಲೆ ನೆನಪಿರುವುದಿಲ್ಲ, ಸಣ್ಣ ಮಾತಿಗೆ ಕಣ್ಣಲ್ಲಿ ನೀರು. ಇದನ್ನೆಲ್ಲ ನಾವು "ಮೆನೋಪಾಸ್" ಅಂತ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಕಬ್ಬಿಣದ ಮಾತ್ರೆ ಮೂರು ತಿಂಗಳು ಸರಿಯಾಗಿ ತೆಗೆದುಕೊಂಡ ಮೇಲೆ "ಡಾಕ್ಟ್ರೇ, ನನ್ನ ಬುದ್ಧಿ ವಾಪಸ್ ಬಂತು" ಅಂದವರಿದ್ದಾರೆ. ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಲಿಂಬೆ ಶರಬತ್ತಿನ ಜೊತೆ ಆಗಬಹುದು. ಹೊಟ್ಟೆಗೆ ಆಗದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಂಡರೂ ಮೈಗೆ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ.

ಒಂದು ಎಚ್ಚರಿಕೆ. ಗಂಟೆಗೊಂದು ಪ್ಯಾಡ್ ತುಂಬಿ ಎರಡು ಮೂರು ಗಂಟೆ ಹಾಗೇ ಮುಂದುವರಿದರೆ, ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ, ಅದು ವಾರದ ರಜೆಯವರೆಗೆ ಕಾಯುವ ವಿಷಯ ಅಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ, ಪೂರ್ತಿ ಹನ್ನೆರಡು ತಿಂಗಳು ಮುಟ್ಟು ಬರದೆ ಇದ್ದು ಆಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ಹನ್ನೆರಡು ತಿಂಗಳು ದಾಟಿದಾಗಲೇ ನಾವು ಮುಟ್ಟು ನಿಂತಿತು ಎನ್ನುವುದು. ಭಾರತದ ಹೆಂಗಸರಲ್ಲಿ ಸರಾಸರಿ 46-47ಕ್ಕೆ ಅದು ಆಗುತ್ತದೆ. ನೀವು ಇನ್ನೂ ದಾರಿಯಲ್ಲಿದ್ದೀರಿ, ಊರು ಮುಟ್ಟಿಲ್ಲ. ಹಾಗಾಗಿ ಹೇಳಲೇಬೇಕು, ಗರ್ಭ ನಿಲ್ಲುವ ಸಾಧ್ಯತೆಯೂ ಪೂರ್ತಿ ಮುಗಿದಿಲ್ಲ.

ಇನ್ನು ನಾದಿನಿಯ ಮಾತು. ಅವರು ಪ್ರೀತಿಯಿಂದಲೇ ಹೇಳಿದ್ದು. ನಮ್ಮ ಕಡೆ ಪ್ರತಿ ಮನೆಯಲ್ಲೂ "ತೆಗೆಸಿದ" ಒಬ್ಬರು ಸಿಗುತ್ತಾರೆ, ಅವರು ಆರಾಮಾಗಿಯೂ ಕಾಣುತ್ತಾರೆ. ಆದರೆ ಗರ್ಭಕೋಶ ತೆಗೆದರೆ ಬ್ಲೀಡಿಂಗ್ ನಿಲ್ಲುತ್ತದೆ, ಸೆಕೆ ನಿಲ್ಲುವುದಿಲ್ಲ. ಸೆಕೆ ಬರುವುದು ಅಂಡಾಶಯದ ಹಾರ್ಮೋನ್ ಏರುಪೇರಾಗುವುದರಿಂದ. ಒಟ್ಟಿಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ, ಐದಾರು ವರ್ಷದಲ್ಲಿ ಮೆಲ್ಲಗೆ ಇಳಿಯಬೇಕಾದ ಹಾರ್ಮೋನ್ ಒಂದೇ ದಿನಕ್ಕೆ ಇಳಿಯುತ್ತದೆ. ಆಗ ಈಗಿನ ಸೆಕೆಯೇ ವಾಸಿ ಇತ್ತು ಅನಿಸುತ್ತದೆ. ಪರೀಕ್ಷೆಯಲ್ಲಿ ಕೆಟ್ಟದ್ದೇನೋ ಕಂಡರೆ, ದೊಡ್ಡ ಫೈಬ್ರಾಯ್ಡ್ ಇದ್ದು ಬೇರೆ ಚಿಕಿತ್ಸೆಗೆ ಬಗ್ಗದಿದ್ದರೆ ನಾನೇ ಆಪರೇಷನ್ ಮಾಡಿಸಿ ಅನ್ನುತ್ತೇನೆ. ಅದಕ್ಕಿಂತ ಮೊದಲು ದಾರಿಗಳಿವೆ. ಬ್ಲೀಡಿಂಗ್ ಇರುವ ದಿನ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಹಳೆ ಕತೆ ಇದ್ದವರಿಗೆ ಅದು ಬೇಡ. ಪ್ರೊಜೆಸ್ಟರಾನ್ ಮಾತ್ರೆ ಇದೆ. ನನಗೆ ಇಷ್ಟವಾದದ್ದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಐಯುಡಿ. ನೋಡಲು ಕಾಪರ್-ಟಿ ತರಹ ಇರುತ್ತದೆ, ಆದರೆ ಕೆಲಸ ಉಲ್ಟಾ. ಕಾಪರ್-ಟಿ ಬ್ಲೀಡಿಂಗ್ ಜಾಸ್ತಿ ಮಾಡುತ್ತದೆ, ಇದು ಕಡಿಮೆ ಮಾಡುತ್ತದೆ. ಒಮ್ಮೆ ಇಟ್ಟರೆ ಐದು ವರ್ಷ. ಮೊದಲ ಮೂರು ನಾಲ್ಕು ತಿಂಗಳು ಚೂರು ಚೂರು ಹನಿ ಕಾಣುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಹೆಂಗಸರು ತಿಂಗಳೊಳಗೆ ಬಂದು ತೆಗೆಸಿಕೊಂಡು ಹೋಗುತ್ತಾರೆ.

ನಿಮಗೆ ಸಂಬಂಧ ಇಲ್ಲದಿದ್ದರೂ ಒಂದು ಮಾತು ಹೇಳದೆ ಇರಲಾರೆ. ಕೇರಳದ ಸರ್ಕಾರಿ ನೌಕರರ ಸೇವಾ ನಿಯಮದಲ್ಲಿ ಗರ್ಭಕೋಶ ತೆಗೆಸಿಕೊಂಡವರಿಗೆ 45 ದಿನ ವಿಶೇಷ ರಜೆ ಇದೆ. ಒಳ್ಳೆಯದೇ. ಆದರೆ ಗರ್ಭಕೋಶ ಇಟ್ಟುಕೊಂಡು ಐದು ವರ್ಷ ಒದ್ದಾಡುವವರಿಗೆ ಅಂತ ಬೇರೆ ರಜೆ ಇಲ್ಲ.

ಈಗ ಸೆಕೆ. ನಮ್ಮ ಕರಾವಳಿಯವರಿಗೆ ಸೆಕೆ ಹೊಸತಲ್ಲ. ಮೇ ತಿಂಗಳಲ್ಲಿ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಬೆವರುತ್ತಾರೆ. ಇದು ಆ ಸೆಕೆ ಅಲ್ಲ. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗಿಂದ ಹತ್ತಿಕೊಳ್ಳುವ ಸೆಕೆ. ಮಿದುಳಿನ ಬುಡದಲ್ಲಿ ಮೈಯ ಬಿಸಿಯನ್ನು ಹದವಾಗಿ ಇಡುವ ಒಂದು ಜಾಗ ಇದೆ, ನಿಮ್ಮ ಅಂಗಡಿಯ ಎಸಿ ಇದ್ದ ಹಾಗೆ. ಮೊದಲೆಲ್ಲ ಬಿಸಿ ಸ್ವಲ್ಪ ಏರಿದರೂ ಇಳಿದರೂ ಅದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂಡಾಶಯದ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರಿಳಿದಾಗ ಅದರ ತಾಳ್ಮೆ ಹೋಗುತ್ತದೆ. ಒಂದು ಲೋಟ ಬಿಸಿ ಚಹಾ, ಮೆಟ್ಟಿಲು, ಒಂದು ಬೈಗುಳ ಸಾಕು. "ಮೈ ಕುದಿಯುತ್ತಿದೆ" ಅಂತ ತಪ್ಪು ತಿಳಿದು ಚರ್ಮದ ರಕ್ತನಾಳಗಳನ್ನೆಲ್ಲ ತೆರೆದು ಬೆವರು ಹರಿಸುತ್ತದೆ. ಒಂದರಿಂದ ಐದು ನಿಮಿಷ. ಆಮೇಲೆ ಚಳಿ. ಜ್ವರ ಅಲ್ಲ, ಹೃದಯದ ಕಾಯಿಲೆಯೂ ಅಲ್ಲ. ಆದರೆ ನಡೆಯುವಾಗ ಎದೆ ಹಿಂಡಿದಂತಾಗಿ ಕೂತರೆ ಕಡಿಮೆಯಾಗುತ್ತದೆ ಅಂತಾದರೆ ಅದು ಬೇರೆ ಮಾತು, ಇಸಿಜಿ ಮಾಡಿಸಿ.

ಎಷ್ಟು ದಿನ ಇರುತ್ತದೆ ಅಂತ ಕೇಳಿದರೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅಧ್ಯಯನದಲ್ಲಿ ಈ ತೊಂದರೆ ಜಾಸ್ತಿ ಇದ್ದವರಲ್ಲಿ ಅರ್ಧದಷ್ಟು ಜನರಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಇತ್ತು. ಅಂದರೆ "ಆರು ತಿಂಗಳು ಹಲ್ಲು ಕಚ್ಚಿಕೊಂಡಿರು" ಎಂಬ ಸಲಹೆ ಕೆಲಸಕ್ಕೆ ಬಾರದ್ದು. ಚಿಕಿತ್ಸೆ ಇದೆ, ಕೇಳಿ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ನೀವು ಹೆದರಿದ ಆ ಹಾರ್ಮೋನೇ. ಹೆದರಿಕೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಅರ್ಧ ಭಾಗವನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿದ ಮಾತ್ರೆ ತಿಂದವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತ್ತು. ಸ್ವಲ್ಪ ಅಂದರೆ ಹತ್ತು ಸಾವಿರ ಹೆಂಗಸರು ಒಂದು ವರ್ಷ ತಿಂದರೆ ಸುಮಾರು ಎಂಟು ಹೆಚ್ಚು. ಸುದ್ದಿ ಆಗಿದ್ದು "ಹಾರ್ಮೋನ್ ತಿಂದರೆ ಕ್ಯಾನ್ಸರ್" ಅಂತ. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಸುದ್ದಿ ಆಗಲಿಲ್ಲ. ಈಗ ನಾವು ಮಾಡುವ ಲೆಕ್ಕ ಬೇರೆ. 60 ದಾಟದವರು, ಮುಟ್ಟು ನಿಂತು ಹತ್ತು ವರ್ಷದೊಳಗಿನವರು, ಬೇರೆ ತೊಂದರೆ ಇಲ್ಲದವರು ತೆಗೆದುಕೊಂಡರೆ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕು. ಮೇಲೆ ಹೇಳಿದ ಐಯುಡಿ ಇಟ್ಟಿದ್ದರೆ ಆ ಅರ್ಧ ಕೆಲಸ ಅದೇ ಮಾಡುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಆದರೆ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಆದವರಿಗೆ, ಸ್ಟ್ರೋಕ್ ಆದವರಿಗೆ, ಲಿವರ್ ತೊಂದರೆ ಇರುವವರಿಗೆ ಇದು ಬೇಡ. ಕಾರಣ ಗೊತ್ತಿಲ್ಲದ ಬ್ಲೀಡಿಂಗ್ ಇರುವಾಗಲೂ ಶುರು ಮಾಡುವುದಿಲ್ಲ. ನೀವು ಈಗ ಇರುವುದು ಅಲ್ಲೇ. ಹಾಗಾಗಿ ಆ ಚೂರಿನ ರಿಪೋರ್ಟ್ ಬರುವ ತನಕ ಯಾರು ಬರೆದುಕೊಟ್ಟರೂ ನುಂಗಬೇಡಿ.

ಹಾರ್ಮೋನ್ ಬೇಡ ಅಂತ ನಿಮಗೇ ಅನಿಸಿದರೆ ಬೇರೆ ಔಷಧಿಗಳೂ ಇವೆ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸಿಟಿನ್ ಕಡಿಮೆ ಡೋಸಿನಲ್ಲಿ ಸೆಕೆಯನ್ನೂ ಇಳಿಸುತ್ತವೆ. ಗ್ಯಾಬಾಪೆಂಟಿನ್ ರಾತ್ರಿ ತೆಗೆದುಕೊಂಡರೆ ಬೆವರೂ ಕಡಿಮೆ, ನಿದ್ದೆಯೂ ಬರುತ್ತದೆ. ಮೆಡಿಕಲ್ ಶಾಪಿನವರು ಚೀಟಿ ನೋಡಿ "ಇದು ತಲೆಯ ಮಾತ್ರೆ ಅಲ್ವಾ" ಅನ್ನಬಹುದು. ಅನ್ನಲಿ. ಕಷಾಯ, ಲೇಹ್ಯಗಳ ಬಗ್ಗೆ ಕೇಳುವವರು ಬಹಳ. ಲಾವಂಚ ಹಾಕಿದ ನೀರು ಕುಡಿಯಿರಿ, ಒಂದೆಲಗದ ತಂಬುಳಿ ಊಟ ಮಾಡಿ, ಮೈಗೆ ಹಿತ. ಸೆಕೆ ಏರುವ ಸಲ ಕಡಿಮೆಯಾಗುತ್ತದೆ ಅಂತ ನಾನು ಹೇಳಲಾರೆ. ಲೇಬಲ್ ಇಲ್ಲದ ಡಬ್ಬಿಯಲ್ಲಿ ಕೊಡುವ ಪುಡಿ ಮಾತ್ರ ಮುಟ್ಟಬೇಡಿ.

ಔಷಧಿ ಅಲ್ಲದ್ದರಲ್ಲಿ ಗಟ್ಟಿ ಪುರಾವೆ ಇರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಅದು ಸೆಕೆಯ ಸಂಖ್ಯೆಗಿಂತ ಜಾಸ್ತಿ ಅದರ ಕಾಟವನ್ನು ಕಡಿಮೆ ಮಾಡುತ್ತದೆ. ವ್ಯತ್ಯಾಸ ಏನು ಅಂತ ನನ್ನದೇ ಕತೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಒಪಿಯಲ್ಲಿ ಕೂತಿದ್ದೆ. ಎದುರಿಗೆ ಪೈವಳಿಕೆ ಕಡೆಯ ಒಬ್ಬರು ಅಜ್ಜಿ. ಬಿಪಿ ನೋಡುತ್ತಿರುವಾಗಲೇ ನನಗೆ ಶುರುವಾಯಿತು. ಕನ್ನಡಕಕ್ಕೆ ಹಬೆ ಕಟ್ಟಿತು, ಹಣೆಯಿಂದ ಒಂದು ಹನಿ ಅವರ ಕೈ ಮೇಲೆಯೇ ಬಿತ್ತು. ಡಾಕ್ಟರಾಗಿ ಇದೇನು ಅವಸ್ಥೆ, ಇವರೇನು ಅಂದುಕೊಂಡಾರು ಅಂತ ಯೋಚಿಸಿದಷ್ಟೂ ಬೆವರು ಏರಿತು. ಅಜ್ಜಿ ತನ್ನ ಒಪಿ ಚೀಟಿಯನ್ನೇ ಮಡಚಿ ನನಗೆ ಗಾಳಿ ಹಾಕಲು ಶುರು ಮಾಡಿದರು. "ನನಗೂ ಹೀಗೇ ಇತ್ತು ಮಗಾ, ಗದ್ದೆಯಲ್ಲಿ ನೇಜಿ ನೆಡುವಾಗ ನೀರಿಗೇ ಕೂತುಬಿಡುತ್ತಿದ್ದೆ" ಅಂದರು. ಇಬ್ಬರಿಗೂ ನಗು ಬಂತು. ಬೆವರು ಅಷ್ಟೇ ಇತ್ತು, ಒದ್ದಾಟ ಅಲ್ಲಿಗೇ ನಿಂತಿತು.

ಕೌಂಟರಿನಲ್ಲಿ ಶುರುವಾದಾಗ "ಎಲ್ಲರೂ ನೋಡುತ್ತಿದ್ದಾರೆ" ಎಂಬ ಯೋಚನೆಯೇ ಅರ್ಧ ಸೆಕೆ. ಅದಕ್ಕೆ ಒಂದು ಮಾತು ಬಾಯಿಪಾಠ ಮಾಡಿಟ್ಟುಕೊಳ್ಳಿ. ಗಿರಾಕಿ "ಜ್ವರ ಉಂಟಾ?" ಅಂದರೆ "ಇಲ್ಲ, ಈ ಪ್ರಾಯದ ಸೆಕೆ, ಎರಡು ನಿಮಿಷ" ಅಂದುಬಿಡಿ. ಸೀರೆ ತೆಗೆದುಕೊಳ್ಳಲು ಬರುವವರಲ್ಲಿ ಅರ್ಧ ಜನ ನಿಮ್ಮ ಪ್ರಾಯದವರೇ ಅಲ್ವಾ? "ನನಗೂ ಹಾಗೇ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಸೀರೆಯ ಮಡಿಕೆ ಬಿಚ್ಚುತ್ತಾ ಇರಿ, ಕೈಗೆ ಕೆಲಸ ಇರಲಿ. ಬೆಲೆಯನ್ನು ನೆನಪಿನಿಂದ ಹೇಳುವ ಹೆಮ್ಮೆ ಸದ್ಯಕ್ಕೆ ಬಿಡಿ. ಟ್ಯಾಗ್ ತಿರುಗಿಸಿ ಗಿರಾಕಿಗೂ ತೋರಿಸಿಯೇ ಹೇಳಿ. ಈ ಮರೆವು ಮುಂದೆ ಮರೆಗುಳಿ ಕಾಯಿಲೆಯಾಗುತ್ತದೆ ಎಂಬ ಭಯ ಬೇಡ. ಇದು ನಿದ್ದೆ ಕೆಟ್ಟ ತಲೆಯ ಮರೆವು.

ಬಟ್ಟೆಯ ವಿಷಯ. ಯೂನಿಫಾರ್ಮ್ ಸೀರೆ ಪಾಲಿಯೆಸ್ಟರ್ ಆಗಿರುತ್ತದೆ, ಅದನ್ನು ಬದಲಿಸಲು ಆಗಲಿಕ್ಕಿಲ್ಲ. ಬ್ಲೌಸ್ ಮತ್ತು ಒಳಲಂಗ ಅದೇ ಬಣ್ಣದ ಹತ್ತಿಯದ್ದು ಹೊಲಿಸಿಕೊಳ್ಳಬಹುದು. ಬ್ಯಾಗಿನಲ್ಲಿ ಇನ್ನೊಂದು ಬ್ಲೌಸ್, ಒಂದು ಸಣ್ಣ ಬೈರಾಸು ಇರಲಿ. ಫ್ಯಾನ್, ತಣ್ಣೀರು ಇವೆಲ್ಲ ಸೆಕೆ ಬರುವುದನ್ನು ತಡೆಯುವುದಿಲ್ಲ, ಬಂದಾಗ ಆರಾಮ ಕೊಡುತ್ತವೆ. ಅಷ್ಟಾದರೂ ಬೇಕಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮೊಬೈಲ್ ತೆಗೆಯಬೇಡಿ. ಎದ್ದು ಒದ್ದೆ ನೈಟಿ ಬದಲಿಸಿ, ಬೇರೆ ಕಡೆ ಸ್ವಲ್ಪ ಹೊತ್ತು ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ಅಂಗಡಿಯಲ್ಲಿ ಸಂಜೆ ಕೊಡುವ ಚಹಾವನ್ನು ಒಂದು ತಿಂಗಳು ಬಿಟ್ಟು ನೋಡಿ.

ನಿಮ್ಮ ಪತ್ರದ ಕೊನೆಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಪೆನ್ನಿನ ಗೀಟಿನ ಅಡಿಯಲ್ಲೂ ಓದಲು ಆಯಿತು, ಕ್ಷಮಿಸಿ. ಒಂದಕ್ಕೆ ತಡೆಯಲು ಆಗುವುದಿಲ್ಲ, ಉರಿಯುತ್ತದೆ, ಅದಕ್ಕೇ ಅಂಗಡಿಯಲ್ಲಿ ನೀರು ಕುಡಿಯುವುದಿಲ್ಲ ಅಂತ. ಇದು ನಾಚಿಕೆಯ ಮಾತೇ ಅಲ್ಲ. ಈಸ್ಟ್ರೋಜನ್ ಕಡಿಮೆಯಾದಾಗ ಆ ಜಾಗದ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಉರಿ, ತುರಿಕೆ, ಪದೇಪದೇ ಮೂತ್ರದ ಸೋಂಕು, ಗಂಡನ ಜೊತೆ ಸೇರುವಾಗ ನೋವು ಎಲ್ಲವೂ ಅದರದ್ದೇ. ಸೆಕೆ ವರ್ಷ ಕಳೆದ ಹಾಗೆ ತಾನಾಗಿ ಇಳಿಯುತ್ತದೆ, ಇದು ಇಳಿಯುವುದಿಲ್ಲ, ಏರುತ್ತದೆ. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಅದು ಮೈಗೆ ಸೇರುವುದು ಬಹಳ ಕಡಿಮೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇದ್ದರೆ ಅದಕ್ಕೆ ಮದ್ದು. ನೀರು ಕುಡಿಯದೆ ಇರುವುದು ಮಾತ್ರ ಬೇಡ, ಅದರಿಂದ ಉರಿ ಜಾಸ್ತಿಯಾಗುತ್ತದೆ.

ಜವಳಿ ಅಂಗಡಿಯ ಹೆಂಗಸರು ನೀರು ಕುಡಿಯದೆ ದಿನ ಕಳೆಯುವುದು ಕೇರಳದಲ್ಲಿ ಹಳೆಯ ಕತೆ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಕೆಲಸ ಮಾಡುವವರು ಮೊದಲು ಬೀದಿಗೆ ಇಳಿದದ್ದು ಶೌಚಾಲಯಕ್ಕಾಗಿ. ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಂಗಸು "ಪೆಣ್‌ಕೂಟ್ಟು" ಅಂತ ಸಂಘ ಕಟ್ಟಿದರು. ಆಮೇಲೆ ಕೂರುವ ಹಕ್ಕಿಗೆ ಹೋರಾಟ ನಡೆಯಿತು. 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. ಕೆಲಸದವರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು. ಅಂದರೆ ಸ್ಟೂಲ್ ಕೇಳುವುದು ನೀವು ಬೇಡುವ ದಯೆ ಅಲ್ಲ, ಕಾಯ್ದೆ. ಹೀಗಿದ್ದರೂ ನಾನು ಸೀರೆ ಕೊಳ್ಳಲು ಹೋದ ಒಂದು ಅಂಗಡಿಯಲ್ಲಿ ಕೌಂಟರಿನ ಹಿಂದೆ ಸ್ಟೂಲ್ ಇತ್ತು, ಅದರ ಮೇಲೆ ಖಾಲಿ ಸೀರೆ ಡಬ್ಬಗಳ ರಾಶಿಯೂ ಇತ್ತು. ಇನ್ಸ್‌ಪೆಕ್ಷನ್‌ಗೆ ಬಂದವರಿಗೆ ತೋರಿಸಲು ಇಟ್ಟದ್ದು, ಕೂರಲು ಅಲ್ಲ.

ಹಾಗಾದರೆ ಸೂಪರ್‌ವೈಸರ್ ಹತ್ತಿರ ಏನು ಹೇಳುವುದು? ಮೆನೋಪಾಸ್ ಅಂತ ಹೇಳಲೇಬೇಕೆಂದಿಲ್ಲ. ಹೇಳಿದರೂ ತಪ್ಪಿಲ್ಲ. ಮಲಯಾಳದಲ್ಲಿ ಆರ್ತವವಿರಾಮಂ ಅಂತ ಚಂದದ ಶಬ್ದ ಇದೆ, ಆದರೆ ಹುಡುಗರ ಹತ್ತಿರ ಅದನ್ನು ಹೇಳಿದರೆ ಅವರು ಮಾತು ಮುಗಿಯುವ ಮೊದಲೇ ಗೋಡೌನಿಗೆ ಓಡುತ್ತಾರೆ. ಎಲ್ಲವನ್ನೂ ಹೇಳಬೇಡಿ, ಅಳು ಬಂದ ದಿನ ಹೇಳಬೇಡಿ, ಮದುವೆ ಪಾರ್ಟಿ ಬಂದಿರುವಾಗ ಹೇಳಬೇಡಿ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೇಳಿ. "ನನಗೆ ಆರೋಗ್ಯದ ತೊಂದರೆ ಇದೆ, ಟ್ರೀಟ್‌ಮೆಂಟ್ ಶುರುವಾಗಿದೆ, ಮೂರು ನಾಲ್ಕು ತಿಂಗಳು ಬೇಕಂತೆ. ಅಷ್ಟು ದಿನ ಗಿರಾಕಿ ಇಲ್ಲದಾಗ ಕೂರುತ್ತೇನೆ, ಬಾತ್‌ರೂಮಿಗೆ ಹೋಗುವಾಗ ಪಕ್ಕದವರಿಗೆ ಹೇಳಿ ಹೋಗುತ್ತೇನೆ. ಮೇಲಿನ ಗೋಡೌನಿಂದ ಸ್ಟಾಕ್ ತರುವ ಕೆಲಸ ಬೇರೆಯವರಿಗೆ ಕೊಡಿ, ನಾನು ಬದಲಿಗೆ ಮಡಿಚಿ ಇಡುವುದು ನೋಡಿಕೊಳ್ಳುತ್ತೇನೆ." ಇಷ್ಟೇ. ಇದರಲ್ಲಿ ಅಂಗಡಿಗೆ ಖರ್ಚು ಒಂದು ಪೈಸೆ ಇಲ್ಲ. ಕೆಲಸ ಕಡಿಮೆ ಮಾಡಿ ಅಂದರೆ ಮುಖ ಗಂಟಾಗುತ್ತದೆ, ಕೆಲಸ ಬದಲಿಸಿ ಅಂದರೆ ಹೆಚ್ಚಾಗಿ ಒಪ್ಪುತ್ತಾರೆ. ಬರೇ ಬಾಯಿಮಾತಿಗೆ ಬಗ್ಗದಿದ್ದರೆ ಡಾಕ್ಟರ ಚೀಟಿ ತೋರಿಸಿ. ಕೂರಲು ಬಿಡದೇ ಇದ್ದರೆ ಲೇಬರ್ ಆಫೀಸ್ ಇದೆ, ಆದರೆ ಅದನ್ನು ಒಬ್ಬರೇ ಮಾಡುವುದಕ್ಕಿಂತ ನಾಲ್ಕು ಜನ ಸೇರಿ ಮಾಡಿ. ನಿಮ್ಮ ಸೆಕ್ಷನ್‌ನಲ್ಲಿ ನಲವತ್ತೈದು ದಾಟಿದವರು ನೀವೊಬ್ಬರೇ ಇರಲಿಕ್ಕಿಲ್ಲ.

ರಜೆ ಸಿಗುತ್ತದಾ ಅಂದರೆ, 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಅದು ಗಡಿಯ ತಲಪಾಡಿಯಿಂದ ಆಚೆಗೆ. ನಮ್ಮವರು ಕನ್ನಡದ ಸುದ್ದಿ ಓದಿ ಇಲ್ಲಿ ಕೇಳಿದರೆ ನಗುತ್ತಾರೆ. ನಿಮ್ಮ ಕೈಯಲ್ಲಿ ಇರುವುದು ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ. ಸಂಬಳದ ಚೀಟಿ ನೋಡಿ. 14,000ಕ್ಕೆ ಶೇಕಡಾ 0.75 ಅಂದರೆ 105 ರೂಪಾಯಿ ಹಿಡಿದಿರಬೇಕು. ಹತ್ತು ಜನ ಅಥವಾ ಜಾಸ್ತಿ ಕೆಲಸದವರು ಇರುವ ಅಂಗಡಿಯಲ್ಲಿ, 21,000ದ ಒಳಗೆ ಸಂಬಳ ಇರುವವರಿಗೆ ಇದು ಇದೆ. ಸ್ಕ್ಯಾನು, ರಕ್ತಪರೀಕ್ಷೆ, ಔಷಧಿ ಎಲ್ಲ ಅದರಲ್ಲಿ ಆಗುತ್ತದೆ. ನಿಮಗೆ ಹಂಚಿದ ಡಿಸ್ಪೆನ್ಸರಿಯಿಂದ ಚೀಟಿ ಬರೆಸಿಕೊಂಡು ಮುಂದಿನ ಆಸ್ಪತ್ರೆಗೆ ಹೋಗಬೇಕು. ಕಾಯಿಲೆ ಅಂತ ಅಲ್ಲಿಯ ಡಾಕ್ಟರ್ ರಜೆ ಬರೆದುಕೊಟ್ಟರೆ ಸಂಬಳದ ಶೇಕಡಾ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಮೊದಲಿನ ಆರು ತಿಂಗಳ ಲೆಕ್ಕದಲ್ಲಿ ಕನಿಷ್ಠ 78 ದಿನದ ಕಂತು ಕಟ್ಟಿರಬೇಕು, ನೀವು ಕಟ್ಟಿರುತ್ತೀರಿ. ಎಷ್ಟೋ ಹೆಂಗಸರು ಆ 105 ರೂಪಾಯಿ ಯಾಕೆ ಹೋಗುತ್ತದೆ ಅಂತ ಕೇಳದೆ, ಮಂಗಳೂರಿಗೆ ಹೋಗಿ ಸಾಲ ಮಾಡಿ ತೋರಿಸಿ ಬರುತ್ತಾರೆ.

ಪಿಎಫ್ ಸಹ ನೋಡಿಕೊಳ್ಳಿ. ಎಂಟು ವರ್ಷ ಅಂದಿದ್ದೀರಿ. ಪಿಎಫ್‌ನ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಈಗ ಬಿಟ್ಟು ಹಣ ತೆಗೆದುಬಿಟ್ಟರೆ 58ಕ್ಕೆ ಬರಬೇಕಾದ ಪಿಂಚಣಿ ಇಲ್ಲ. ದೊಡ್ಡ ಮೊತ್ತವೇನಲ್ಲ, ನಿಜ. ಆದರೆ ಎರಡು ವರ್ಷದ ಹೊಸ್ತಿಲಲ್ಲಿ ನಿಂತು ಬಿಡುವಂಥದ್ದೂ ಅಲ್ಲ. ಮಗಳ ಓದು ಮುಗಿಯುವುದೂ ಎರಡು ವರ್ಷಕ್ಕೇ ಅಂತ ನೀವೇ ಬರೆದಿದ್ದೀರಿ.

ಬಸ್ಸಿನ ಅಳುವಿನ ಬಗ್ಗೆ. ಈ ಪ್ರಾಯದಲ್ಲಿ ಮನಸ್ಸು ಕುಸಿಯುವುದು ಇದೆ, ಹೆರಿಗೆಯ ನಂತರ ಇರುವ ಹಾಗೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ, ಅಥವಾ ಒಮ್ಮೆಯಾದರೂ ಬದುಕುವುದೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಇಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಸಹ ಇದೆ. ನಿದ್ದೆ ಬಂದು, ರಕ್ತ ಏರಿದ ಮೇಲೂ ಅಳು ನಿಲ್ಲದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಕೊಡೋಣ.

ಮೂಳೆಯ ಮಾತು ಎರಡೇ ವಾಕ್ಯದಲ್ಲಿ ಹೇಳುತ್ತೇನೆ. ಮುಟ್ಟು ನಿಂತ ಮೇಲೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಳ್ಳು ಸಮೇತ ಜಗಿಯುವ ಬೂತಾಯಿ, ಎಳ್ಳು, ನುಗ್ಗೆ ಸೊಪ್ಪು, ಮಜ್ಜಿಗೆ ನಿಮ್ಮ ಮನೆಯಲ್ಲೇ ಇವೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ ಮಾಡಿ, ಮಂಡಿಗೂ ಒಳ್ಳೆಯದು.

ಮುಂದಿನ ವಾರದ ರಜೆಗೆ ಹೊರಡಿ. ಇಎಸ್‌ಐ ದಾರಿ ತಡವಾಗುತ್ತದೆ ಅನಿಸಿದರೆ ಕಾಸರಗೋಡು ಜನರಲ್ ಆಸ್ಪತ್ರೆಯ ಹೆಂಗಸರ ಒಪಿಗೆ ನೇರ ಹೋಗಿ. ಹೋಗುವ ಮೊದಲು ಗೋಡೆಯ ಕ್ಯಾಲೆಂಡರ್‌ನಲ್ಲಿ ಕಳೆದ ಆರು ತಿಂಗಳ ತಾರೀಕುಗಳನ್ನು ನೆನಪಾದಷ್ಟು ಗುರುತು ಮಾಡಿ, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಅಂತ ಬರೆದು, ಆ ಹಾಳೆಗಳನ್ನೇ ಕಿತ್ತು ತೆಗೆದುಕೊಂಡು ಹೋಗಿ. ಅಲ್ಲಿರುವ ಡಾಕ್ಟರಿಗೆ ಕನ್ನಡ ಬರದೇ ಇರಬಹುದು. ನಮ್ಮ ಹೆಂಗಸರು ಮಲಯಾಳದಲ್ಲಿ ಸೊಪ್ಪಿನ ಬೆಲೆ ಚೌಕಾಸಿ ಮಾಡುತ್ತಾರೆ, ಈ ಮಾತು ಬಂದಾಗ ಮಾತ್ರ ನಾಲಿಗೆ ಕಟ್ಟುತ್ತದೆ. "ಮೈಗೆ ಸೌಖ್ಯ ಇಲ್ಲ" ಅಂದು ವಿಟಮಿನ್ ಮಾತ್ರೆ ಬರೆಸಿಕೊಂಡು ಬರುತ್ತಾರೆ. ಬ್ಲೀಡಿಂಗ್, ಕ್ಲಾಟ್ (ರಕ್ತದ ಗಡ್ಡೆ), ಪ್ಯಾಡ್ ಎಂಬ ಮೂರು ಶಬ್ದ ಎಲ್ಲ ಭಾಷೆಯಲ್ಲೂ ಒಂದೇ, ಅಷ್ಟು ಹೇಳಿ ಕ್ಯಾಲೆಂಡರ್ ಹಾಳೆ ಮೇಜಿನ ಮೇಲಿಡಿ. ಹೊಡೆದು ಹಾಕಿದ ಆ ಸಾಲನ್ನೂ ಅದರ ಮೂಲೆಯಲ್ಲಿ ಬರೆದಿಡಿ. ಹೋಗುವ ದಿನವೇ ಮುಟ್ಟಾಗಿ ಹರಿಯುತ್ತಿದ್ದರೆ "ಮುಗಿದ ಮೇಲೆ ಹೋಗೋಣ" ಅಂತ ವಾಪಸ್ ಬರಬೇಡಿ. ರಕ್ತ ಹೋಗುತ್ತಿರುವಾಗಲೂ ನಾವು ನೋಡುತ್ತೇವೆ.